ಮನೆಯ ಕಾವಲಿಗೆ ರಿವಾಲ್ವರ್ ಬೇಕೆ?



ಬಾಯಾರು ಕಡೆಯ ಭಕ್ತರೊಬ್ಬರು ಈಚೆಗೆ ನಮ್ಮಲ್ಲಿಗೆ ಬಂದು ಕೇಳಿದರು: "ಬುದ್ಧೀ, ಮಕ್ಕಳಿಬ್ಬರೂ ಪರವೂರಿನಲ್ಲಿದ್ದಾರೆ. ತೋಟದ ನಡುವಿನ ಮನೆಯಲ್ಲಿ ನಾವು ಮುದುಕರಿಬ್ಬರೇ. ಅಡಕೆ ಮಾರಿದ ಹಣ ಒಂದೊಂದು ರಾತ್ರಿ ಮನೆಯಲ್ಲೇ ಉಳಿಯುತ್ತದೆ. ಕೂಗಿದರೂ ನೆರೆಮನೆಗೆ ಕೇಳಿಸದು. ಒಂದು ರಿವಾಲ್ವರ್ ತೆಗೆದುಕೊಳ್ಳಲೇ? ಯಾವುದನ್ನು ಕೊಳ್ಳಲಿ?"

ಅವರ ಭಯ ಸುಳ್ಳಲ್ಲ. ಕೋವಿಯೂ ಈ ಸೀಮೆಗೆ ಹೊಸತಲ್ಲ. ಕಾಡುಹಂದಿಯಿಂದ ಬೆಳೆ ಉಳಿಸಲು ಪರವಾನಗಿ ಪಡೆದು ಕೋವಿ ಇಟ್ಟುಕೊಂಡ ಕೃಷಿಕರಿದ್ದಾರೆ. ಆದರೆ ರಿವಾಲ್ವರ್ ಹಂದಿಗಾಗಿ ಹುಟ್ಟಿದ್ದಲ್ಲ, ಮನುಷ್ಯನಿಗಾಗಿ ಹುಟ್ಟಿದ್ದು. ಈ ಭೇದವನ್ನು ಮೊದಲು ಮನಗಾಣಬೇಕು.

ಕಾನೂನಿನ ಮಾತು ಹೀಗಿದೆ. 1959ರ ಆಯುಧ ಕಾಯಿದೆಯಂತೆ ಪರವಾನಗಿ ಇಲ್ಲದೆ ರಿವಾಲ್ವರ್ ಇಡುವಂತಿಲ್ಲ. ಪೊಲೀಸ್ ವರದಿ ಬೇಕು. 2016ರ ನಿಯಮಗಳ ಪ್ರಕಾರ ತರಬೇತಿಯೂ ಭದ್ರವಾಗಿ ಇಡುವ ವ್ಯವಸ್ಥೆಯೂ ಬೇಕು. ಕೊಳ್ಳಬಹುದಾದ ತೋಟೆಗಳ ಲೆಕ್ಕ ಪರವಾನಗಿಯಲ್ಲೇ ಬರೆದಿರುತ್ತದೆ. ಸಾಮಾನ್ಯರಿಗೆ ದೊರೆಯುವುದು ಹೆಚ್ಚಾಗಿ ಪಾಯಿಂಟ್ 32 ಅಳತೆಯದು. ಕಾನ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾಗುವ ಅದರಲ್ಲಿ ಆರು ತೋಟೆ ಹಿಡಿಯುತ್ತವೆ. ಚುನಾವಣೆ ಬಂದಾಗ ಅದನ್ನು ಠಾಣೆಗೆ ಒಪ್ಪಿಸಲು ಆದೇಶವಾಗುವುದೂ ಉಂಟು. ಆತ್ಮರಕ್ಷಣೆಯ ಹಕ್ಕನ್ನು 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯೂ ಮನ್ನಿಸುತ್ತದೆ. ಆದರೆ ಅಗತ್ಯ ಮೀರಿದ ಹಾನಿಗೆ ಅಲ್ಲಿ ಅವಕಾಶವಿಲ್ಲ. ಓಡಿಹೋಗುವವನ ಬೆನ್ನಿಗೆ ಹೊಡೆದರೆ ಅದು ರಕ್ಷಣೆ ಎನಿಸೀತೇ?

ಇನ್ನು ಮನೆಯೊಳಗಿನ ಮಾತು. ಕಪಾಟಿನಲ್ಲಿಟ್ಟು ಬೀಗ ಹಾಕಿ, ತೋಟೆಗಳನ್ನು ಬೇರೆ ಇಟ್ಟರೆ ನಡುರಾತ್ರಿ ಅದು ಕೈಗೆ ಸಿಗದು. ತುಂಬಿಸಿ ದಿಂಬಿನಡಿ ಇಟ್ಟರೆ, ರಜೆಗೆ ಬಂದ ಮೊಮ್ಮಗನ ಕೈಗೂ ಸಿಕ್ಕೀತು, ಮನನೊಂದವರ ಕೈಗೂ ಸಿಕ್ಕೀತು. ಕತ್ತಲಲ್ಲಿ ಅಂಗಳಕ್ಕೆ ಬಂದ ನೆರಳು ಕಳ್ಳನದೋ, ತಡವಾಗಿ ಊರಿಗೆ ಬಂದ ಮಗನದೋ ಎಂದು ತಿಳಿಯಲು ಗುಂಡು ಕಾಯುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಹಣ ಹೋದರೆ ಬರುವ ವರ್ಷದ ಫಸಲು ಅದನ್ನು ತುಂಬೀತು; ಹೋದ ಜೀವವನ್ನು ಯಾವ ಫಸಲು ತುಂಬೀತು? ಕನ್ನ ಹಾಕುತ್ತಿದ್ದವನೇ ಮನ ತಿರುಗಿ ಕನ್ನದ ಮಾರಿತಂದೆ ಎಂಬ ಶರಣನಾದನೆಂದು ನಮ್ಮ ಪರಂಪರೆ ನೆನೆಯುತ್ತದೆ. ಅವನ ಕಳ್ಳತನದ ದಿನಗಳಲ್ಲಿ ಯಾರಾದರೂ ಕತ್ತಲಲ್ಲಿ ಅವನ ಕಥೆ ಮುಗಿಸಿದ್ದರೆ ಒಬ್ಬ ವಚನಕಾರ ನಮಗೆ ದೊರೆಯುತ್ತಿರಲಿಲ್ಲ.

ಹಾಗೆಂದು, ಹೆಂಡತಿ ಮಕ್ಕಳ ಪ್ರಾಣಕ್ಕೆ ಕುತ್ತು ಬಂದಾಗ ಕೈಕಟ್ಟಿ ಕೂರಿರೆಂದು ನಾವು ಹೇಳುವುದಿಲ್ಲ. ಅಶಕ್ತರನ್ನು ಕಾಯುವುದೂ ಧರ್ಮವೇ. ಆದ್ದರಿಂದ ಆ ಭಕ್ತರಿಗೆ ನಾವು ಹೇಳಿದ್ದು ಇಷ್ಟು: ಮೊದಲು ಹಣವನ್ನು ಬ್ಯಾಂಕಿಗೆ ಕಳುಹಿಸಿರಿ. ಅಂಗಳಕ್ಕೆ ದೀಪ, ಬಾಗಿಲಿಗೆ ಗಟ್ಟಿ ಅಗುಳಿ, ಜೊತೆಗೊಂದು ನಾಯಿ ಇರಲಿ. ನೆರೆಯ ನಾಲ್ಕು ಮನೆಯವರು, ಯಾವ ಜಾತಿ ಮತದವರೇ ಆಗಲಿ, ರಾತ್ರಿ ಫೋನು ಬಂದರೆ ಓಡಿಬರುವ ಒಪ್ಪಂದ ಮಾಡಿಕೊಳ್ಳಿರಿ. ಇಷ್ಟಾದ ಮೇಲೂ ಭಯ ಉಳಿದರೆ ಪರವಾನಗಿಗೆ ಅರ್ಜಿ ಹಾಕಿರಿ. ಆದರೆ ಸಿಟ್ಟಿಗೋ ದೊಡ್ಡಸ್ತಿಕೆಗೋ ಬೇಡ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೆರೆಯವನೊಡನೆ ಬೇಲಿಯ ವಿಷಯಕ್ಕೆ ಮಾತು ಬಿಟ್ಟು ಆರು ವರ್ಷವಾಯಿತು ಬುದ್ಧೀ" ಎಂದರು.

ಹಾಗಾದರೆ ಕಾವಲು ಅಲ್ಲಿಂದಲೇ ಆರಂಭವಾಗಲಿ ಎಂದೆವು.