ಔಷಧದಾನ ಮತ್ತು ವೈಯಾವೃತ್ಯ

ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳನ್ನು ಅರಿಯದ ಶ್ರಾವಕರಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೋಟದ ಮನೆಗಳಲ್ಲಿರುವ ವೃದ್ಧ ತಂದೆತಾಯಿಗಳಿಗೆ ತಿಂಗಳ ಮಾತ್ರೆಗಳನ್ನು ತಂದಿಟ್ಟು ಬೆಂಗಳೂರಿಗೆ ಮರಳುವ ಮಕ್ಕಳು ತಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸುವುದುಂಟು. ಆದರೆ ಡಬ್ಬಿಯಲ್ಲುಳಿದ ಮಾತ್ರೆ ರೋಗವನ್ನು ಶಮನಗೊಳಿಸದು. ಮುಂದುವರಿದ ದೇಶಗಳಲ್ಲಿಯೂ ದೀರ್ಘಕಾಲದ ರೋಗಗಳಿಗೆ ಔಷಧವನ್ನು ಸೂಚಿಸಿದಂತೆ ಸೇವಿಸುವವರು ಸುಮಾರು ಅರ್ಧದಷ್ಟು ಮಾತ್ರವೆಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ತಿಳಿಸಿತು.

ಇದಕ್ಕೆ ಮರೆವೊಂದೇ ಕಾರಣವಲ್ಲ. ‘ರಾತ್ರಿ ಊಟದ ನಂತರ’ ಎಂದು ಬರೆದ ಮಾತ್ರೆಯನ್ನು ರಾತ್ರಿಭೋಜನ ತ್ಯಜಿಸಿದ ಹಿರಿಯರು ಮುಟ್ಟದೆ ಬಿಟ್ಟಿರಬಹುದು. ಅವರನ್ನು ಗದರಿಸುವುದು ವ್ರತಕ್ಕೆ ಅಗೌರವ. ತಿಳಿಯದಂತೆ ಅನ್ನದಲ್ಲಿ ಬೆರೆಸುವುದು ಸತ್ಯಕ್ಕೆ ದ್ರೋಹ. ವೈದ್ಯರಿಗೆ ವ್ರತದ ವಿಷಯ ತಿಳಿಸಿ, ಸೂರ್ಯಾಸ್ತಕ್ಕೆ ಮುನ್ನ ಕೊಡಬಹುದೇ ಎಂದು ಕೇಳುವುದೇ ಸರಿಯಾದ ಮಾರ್ಗ. ವಾರಕ್ಕೆ ಏಳು ಮನೆಗಳುಳ್ಳ ಡಬ್ಬಿಯನ್ನು ಹಿರಿಯರ ಕೈಯಿಂದಲೇ ತುಂಬಿಸಿ, ಅವರು ಊಟಕ್ಕೆ ಕೂರುವಲ್ಲಿ ಇರಿಸಿದರೆ ನೆನಪಿಗೂ ಆಸರೆ, ಸ್ವಾಭಿಮಾನಕ್ಕೂ ರಕ್ಷೆ.

ರೋಗಿಗಳ, ವೃದ್ಧರ ಸೇವೆಯಾದ ವೈಯಾವೃತ್ಯವನ್ನು ಆಚಾರ್ಯರು ಆಭ್ಯಂತರ ತಪಸ್ಸುಗಳಲ್ಲಿ ಎಣಿಸಿದ್ದಾರೆ. ತಪಸ್ಸು ಒಂದು ದಿನದ ಕಾರ್ಯವಲ್ಲ. ಅಟ್ಟದ ಕಾಯಿ ಕೊಬ್ಬರಿಯಾಗುವವರೆಗೆ ತಿಂಗಳುಗಟ್ಟಲೆ ಕಾಯುವ ಈ ಸೀಮೆಯವರಿಗೆ ತಾಳ್ಮೆಯನ್ನು ಕಲಿಸಬೇಕಾಗಿಲ್ಲ. ದೂರದಲ್ಲಿರುವ ಮಕ್ಕಳು ಸಂಜೆ ಫೋನ್ ಮಾಡಿದಾಗ ಮೊದಲು ‘ಊಟವಾಯಿತೆ?’ ಎನ್ನಲಿ, ಮಾತ್ರೆಯ ಮಾತು ಅನಂತರ ಬರಲಿ.