ಅಳತೆ ಯಾರದು?

ರವಿಕೆ ಹೊಲಿಯಲು ಕೊಡುವಾಗ ನಾವು ಅಳತೆ ರವಿಕೆಯೊಂದನ್ನು ಮರೆಯದೆ ಜೊತೆಗೆ ಕೊಡುತ್ತೇವೆ. ಕಾಲಿಂಚು ಹೆಚ್ಚುಕಡಿಮೆಯಾದರೂ ಟೈಲರನನ್ನು ಸುಮ್ಮನೆ ಬಿಡುವವರಲ್ಲ. ಅದೇ ನಾವು, ಅಡುಗೆಕಟ್ಟೆ ಎತ್ತರವಾದರೆ ಮಣೆ ಹಾಕಿಕೊಂಡು ನಿಲ್ಲುತ್ತೇವೆ. ಬಸ್ಸಿನ ಮೇಲಿನ ಕಂಬಿ ಎಟುಕದಿದ್ದರೆ ಸೀಟಿನ ಅಂಚು ಹಿಡಿಯುತ್ತೇವೆ. ಹೀಗೆ ಹೊಂದಿಕೊಳ್ಳುವುದು ಗುಣವೋ, ಬರೀ ಅಭ್ಯಾಸವೋ? ಈ ಪ್ರಶ್ನೆ ನನ್ನನ್ನು ಹಿಡಿದದ್ದು ಬೆಲ್ಜಿಯಮ್ಮಿನ ಲ್ಯೂವನ್ ಊರಿನ ಒಂದು ಸೈಕಲ್ ಅಂಗಡಿಯಲ್ಲಿ.

ಅಲ್ಲಿ ಓದುತ್ತಿರುವ ಮಗಳಿಗೆ ಸೈಕ್ಲೋಕ್ರಾಸ್ ಸೈಕಲ್ ಬೇಕಿತ್ತು. ಕೆಸರು, ಹುಲ್ಲು, ಮರಳಿನಲ್ಲಿ ಓಡಿಸುತ್ತ, ಅಡ್ಡ ಹಲಗೆ ಬಂದರೆ ಇಳಿದು ಸೈಕಲ್ಲನ್ನೇ ಎತ್ತಿಕೊಂಡು ಓಡುವ ಚಳಿಗಾಲದ ಪಂದ್ಯ ಅದು. ಗಂಡಸರ ವಿಶ್ವ ಚಾಂಪಿಯನ್‌ಷಿಪ್ 1950ರಲ್ಲೇ ಶುರುವಾಯಿತಂತೆ, ಹೆಂಗಸರದು 2000ದಲ್ಲಿ. ಆ ಐವತ್ತು ವರ್ಷ ಕೆಸರಾದ ಬಟ್ಟೆ ಒಗೆದವರು ಯಾರೋ!

ಅಂಗಡಿಯವನು ಮಗಳನ್ನು ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ, ಕಾಲ ನಡುವೆ ಪುಸ್ತಕವೊಂದನ್ನು ಒತ್ತಿ ಹಿಡಿಯಲು ಹೇಳಿ, ನೆಲದಿಂದ ಅದರ ಅಂಚಿನವರೆಗೆ ಅಳೆದ. 71 ಸೆಂಟಿಮೀಟರ್. ಅದನ್ನು 0.883ರಿಂದ ಗುಣಿಸಿದರೆ ಪೆಡಲುಗಳು ಸುತ್ತುವ ನಡುವಿನ ಅಚ್ಚಿನಿಂದ ಸೀಟಿನವರೆಗಿನ ಎತ್ತರ ಸಿಗುತ್ತದೆ, ಸುಮಾರು 63. ಪಂದ್ಯಗಾರ ಗ್ರೆಗ್ ಲೆಮಾಂಡ್ ಪ್ರಚಾರಕ್ಕೆ ತಂದ ಲೆಕ್ಕ. ಸೀಟನ್ನೇನೋ ಏರಿಸಿ ಇಳಿಸಬಹುದು. ಸೀಟಿನಿಂದ ಹ್ಯಾಂಡಲ್ಲಿಗೆ ಕೈ ಎಷ್ಟು ಚಾಚಬೇಕೆಂಬುದನ್ನು ಮುಖ್ಯವಾಗಿ ಫ್ರೇಮೇ ತೀರ್ಮಾನಿಸುತ್ತದೆ. ಅವಳಿಗೆ 48ರ ಫ್ರೇಮ್ ಸರಿ, ಅಂಗಡಿಯಲ್ಲಿದ್ದದ್ದು 52. ಹ್ಯಾಂಡಲ್ಲಿನ ಸ್ಟೆಮ್ ಗಿಡ್ಡದ್ದು ಹಾಕಿ, ಬೆಲೆಯನ್ನೂ ಇಳಿಸಿ ಕೊಡುತ್ತೇನೆಂದ. 48 ಬೇಕಾದರೆ ಆರು ವಾರ.

"ಬೇಡಮ್ಮ, ಕಾಯ್ತೀನಿ" ಎಂದಳು.

ಇದು ಸ್ವಾಭಿಮಾನವೋ ಜಂಬವೋ ನನಗೆ ತಕ್ಷಣ ತಿಳಿಯಲಿಲ್ಲ. ಹಾಸನದಲ್ಲಿ ಅಪ್ಪನ ಸೈಕಲ್ಲಿನ ಅಡ್ಡಕಂಬಿಯ ಕೆಳಗೆ ಕಾಲು ತೂರಿಸಿ ಒಳಪೆಡಲು ತುಳಿದು ಕಲಿತವಳು ನಾನು.

ಆದರೆ ಯೋಚಿಸಿ. ಫ್ರೇಮ್ ಚಿಕ್ಕದು ಮಾಡಿ ಚಕ್ರ ಮಾತ್ರ ಎಲ್ಲರದ್ದೇ ಹಾಕಿದರೆ, ನಿಧಾನವಾಗಿ ತಿರುಗುವಾಗ ಕಾಲ್ಬೆರಳು ಮುಂದಿನ ಚಕ್ರಕ್ಕೆ ತಾಗುತ್ತದೆ. 1985ರಲ್ಲಿ ಅಮೆರಿಕದ ಜಾರ್ಜೀನಾ ಟೆರಿ ಎಂಬ ಇಂಜಿನಿಯರ್ ಹೆಂಗಸರಿಗೆಂದೇ ಕಂಪನಿ ತೆರೆದು, ಕುಳ್ಳಗಿರುವವರ ಸೈಕಲ್ಲಿಗೆ ಮುಂದೆ 24 ಇಂಚಿನ ಸಣ್ಣ ಚಕ್ರ ಹಾಕಿದಳು. ನೋಡಿದವರಿಗೆ ವಿಚಿತ್ರ ಕಂಡಿರಬೇಕು. ಮೈಯನ್ನು ಬಿಟ್ಟು ಸೈಕಲ್ಲನ್ನು ತಿದ್ದಬಹುದೆಂದು ಒಬ್ಬಳಿಗಾದರೂ ಹೊಳೆಯಿತಲ್ಲ!

ಸೈಕಲ್ ಬಂದಾಗ ನಾನೂ ಹತ್ತಿದೆ. ನಾವಿಬ್ಬರೂ ಒಂದೇ ಎತ್ತರ. ಹೆವರ್ಲೀ ಕಾಡಿನ ದಾರಿ, ಹಿಂದಿನ ರಾತ್ರಿ ಮಳೆ. ಮೊಣಕೈ ತುಸು ಬಾಗಿಯೇ ಇತ್ತು, ಭುಜ ಸೆಳೆಯಲಿಲ್ಲ. ಹೊಸ ಡಿಸ್ಕ್ ಬ್ರೇಕು ಮೊದಲು ಮಂಕಾಗಿತ್ತು. ಹತ್ತಿಪ್ಪತ್ತು ಸಲ ಹಿಡಿದು ಬಿಟ್ಟು ಪಳಗಿಸಬೇಕಂತೆ. ಆಮೇಲೆ ಎರಡು ಬೆರಳು ಸಾಕಾಯಿತು. ಹಳೆಯ ಬ್ರೇಕು ಚಕ್ರದ ರಿಮ್ಮನ್ನು ಹಿಡಿಯುತ್ತದೆ, ಅಲ್ಲೇ ಕೆಸರು ಮೆತ್ತುವುದು. ಡಿಸ್ಕ್ ಇರುವುದು ಚಕ್ರದ ನಡುವೆ, ಕೆಸರಿನಿಂದ ಮೇಲೆ. ಪಂದ್ಯಗಳಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು 2010ರಲ್ಲಿ. ಇಳಿಜಾರಿನಲ್ಲಿ ನನಗೆ ಹೆದರಿಕೆಯೇ ಆಗಲಿಲ್ಲ. ಐವತ್ತೆರಡನೆಯ ವಯಸ್ಸಿನಲ್ಲಿ ಇದು ಸಣ್ಣ ಮಾತಲ್ಲ.

ಆದರೂ ಒಂದು ಮಾತು ಕಾಡುತ್ತದೆ. 2006-07ರಲ್ಲಿ ನಮ್ಮ ಸರಕಾರ ಎಂಟನೆಯ ತರಗತಿಯ ಹುಡುಗಿಯರಿಗೆ ಸೈಕಲ್ ಹಂಚತೊಡಗಿದಾಗ, ಅವರ ಕಾಲು ಅಳೆದವರು ಯಾರು? ಸೀಟಿನ ತುದಿಯಲ್ಲಿ ಕೂತು, ಹೆಬ್ಬೆರಳಿನಲ್ಲಿ ನೆಲ ಮುಟ್ಟಿಸಿ, ಅವರು ಹೈಸ್ಕೂಲಿಗೆ ಹೋದರು. ತಮ್ಮ ಅಳತೆಯದೇ ಬರಲೆಂದು ಕಾದಿದ್ದರೆ ಎಷ್ಟೋ ಮಂದಿ ಮನೆಯಲ್ಲೇ ಉಳಿಯುತ್ತಿದ್ದರು. ಅವರದನ್ನು ದೈನ್ಯ ಎನ್ನಲು ನನಗೆ ಬಾಯಿ ಬಾರದು. ಹೊಂದಿಕೊಳ್ಳುತ್ತೇನೆಂದು ಸವಾರಿ ಮಾಡುವವಳೇ ಹೇಳಿದರೆ ಒಂದು ರೀತಿ, ಮಾರುವವನು ಹೇಳಿದರೆ ಇನ್ನೊಂದು.

ಅಂದಹಾಗೆ, ತಿರುವಿನಲ್ಲಿ ಕಾಲ್ಬೆರಳು ತಾಗುವುದು ಆ 48ರಲ್ಲೂ ಇದೆ. ಮಗಳು ಅದಕ್ಕೆ ಹೊಂದಿಕೊಂಡಿದ್ದಾಳೆ. ನಾನು ಆ ಮಾತು ಎತ್ತಲಿಲ್ಲ.