ಗುಳಿಗೆಗೆ ಲೆಕ್ಕ ಇದೆ, ಸಾವಿಗೆ?

ಹಳಿಯಾಳದಲ್ಲಿ ನನ್ನದೊಂದು ಮೆಡಿಕಲ್ ಅಂಗಡಿ. ಕೌಂಟರಿನ ಕೆಳಗೆ ಎಚ್-1 ರಿಜಿಸ್ಟರ್ ಇಟ್ಟಿದ್ದೇನೆ. ಟ್ರಾಮಡಾಲ್, ಆಲ್ಪ್ರಾಜೋಲಮ್, ಕೊಡೀನ್ ಇರುವ ಕೆಮ್ಮಿನ ಸಿರಪ್ ಇಂಥವನ್ನು ಕೊಟ್ಟಾಗ ಚೀಟಿ ಬರೆದ ಡಾಕ್ಟರ ಹೆಸರು, ರೋಗಿಯ ಹೆಸರು, ಕೊಟ್ಟದ್ದೆಷ್ಟು ಎಂದು ಅದರಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. 2014ರಿಂದ ಈ ಕಟ್ಟಳೆ. 2018ರಲ್ಲಿ ಟ್ರಾಮಡಾಲ್ ಮಾದಕವಸ್ತು ಕಾಯ್ದೆಯಡಿಗೂ ಬಂತು. ಗುಳಿಗೆಯ ಮೇಲೆ ಇಷ್ಟು ಕಣ್ಣು. ಕಳ್ಳದಾರಿಯಲ್ಲಿ ಬಂದ ಅದೇ ಗುಳಿಗೆ ಮಿತಿಮೀರಿ ನುಂಗಿ ಹುಡುಗನೊಬ್ಬ ಸತ್ತರೆ ಆ ಸಾವು ಯಾವ ಪುಸ್ತಕಕ್ಕೆ?

ಜೋಯಿಡಾದ ಹುಡುಗನನ್ನು ರಾತ್ರೋರಾತ್ರಿ ಹುಬ್ಬಳ್ಳಿಗೆ ಒಯ್ದಾಗ ಅವನು ಅಲ್ಲಿ ತೀರಿಕೊಂಡರೆ ಸಾವಿನ ನೋಂದಣಿ ಹುಬ್ಬಳ್ಳಿಯಲ್ಲಿ. ಅನಮೋಡ ಘಾಟ ಇಳಿದಿದ್ದರೆ ಗೋವಾದಲ್ಲಿ. ಪೋಸ್ಟ್‌ಮಾರ್ಟಂ ಆದರೆ ಒಳಾಂಗದ ತುಣುಕುಗಳು ಉಪ್ಪುನೀರಿನ ಬಾಟಲಿಯಲ್ಲಿ ಪ್ರಯೋಗಾಲಯಕ್ಕೆ ಹೋಗುತ್ತವೆ, ವರದಿ ಪೊಲೀಸ್ ಫೈಲು ಸೇರುತ್ತದೆ. ಅಷ್ಟರಲ್ಲಿ ಮನೆಯಲ್ಲಿ ವರ್ಷಾಂತಿಕವೇ ಮುಗಿದಿರಬಹುದು.

ಅಲ್ಲಿಯ ತನಕ ಹೋಗದ್ದೂ ಉಂಟು. "ಹಾರ್ಟ್ ಅಟ್ಯಾಕ್ ಅಂತ ಬರೀರಿ ಸರ್, ಇವನ ತಂಗಿ ಲಗ್ನ ಇನ್ನೂ ಆಗಬೇಕು" ಎಂದು ಮನೆಯವರು ಅಂಗಲಾಚುವುದನ್ನು ಕೇಳಿದ್ದೇನೆ. ಸತ್ತವನು ಹೋದ. ಬದುಕಿರುವ ಹೆಣ್ಣುಮಗಳಿಗೋಸ್ಕರ ಆಡುವ ಸುಳ್ಳು ಪಾಪವೇ? ನಾನೂ ಹೆಣ್ಣುಮಕ್ಕಳ ತಂದೆ, ತಟ್ಟನೆ ಹೌದೆನ್ನಲು ಬಾಯಿ ಬಾರದು.

ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಭಿಕ್ಷುಗಳನ್ನು ನೋಡಿದಾಗೆಲ್ಲ ಪಂಚಶೀಲ ನೆನಪಾಗುತ್ತದೆ. ನಾಲ್ಕನೆಯದು ಸುಳ್ಳಾಡದಿರುವುದು, ಐದನೆಯದು ಅಮಲಿಗೆ ಬೀಳದಿರುವುದು. ಐದನೆಯದನ್ನು ಮುರಿದು ಒಬ್ಬ ಸಾಯುತ್ತಾನೆ; ಅದನ್ನು ಮುಚ್ಚಲು ಉಳಿದವರೆಲ್ಲ ಸೇರಿ ನಾಲ್ಕನೆಯದನ್ನು ಮುರಿಯುತ್ತಾರೆ. ಮುಂದಿನ ವಾರ ಅದೇ ಮಾಲು ದಾಂಡೇಲಿಯ ಯಾವುದೋ ಓಣಿಗೆ ಬಂದರೆ ಎಚ್ಚರಿಸುವವರಿಲ್ಲ. ತಂಗಿಗಾಗಿ ಆಡಿದ ಸುಳ್ಳಿಗೆ ಬೇರೊಬ್ಬಳ ಅಣ್ಣ ಬಲಿ.

ಲೆಕ್ಕ ಎಂದರೆ ಚಿತ್ರಗುಪ್ತನದೇ, ಬರೆದರೆ ತೀರ್ಪೇ ಎಂದು ನಾವು ಹೆದರುತ್ತೇವೆ. 1969ರ ಜನನ-ಮರಣ ನೋಂದಣಿ ಕಾಯ್ದೆ ಅಷ್ಟು ಕಟುವಲ್ಲ. ಅದರ 17ನೇ ಕಲಮಿನ ಪ್ರಕಾರ ಮನೆಯವರ ಕೈಗೆ ಬರುವ ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಇರಕೂಡದು. ಕಾರಣ ರಿಜಿಸ್ಟರಿನೊಳಗೆ ಉಳಿಯುತ್ತದೆ, ಅಂಕಿಯಾಗಿ ಹೊರಗೆ ಬರುತ್ತದೆ. ಸತ್ಯವನ್ನೂ ಹೇಳಬೇಕು, ಮಾನವನ್ನೂ ಉಳಿಸಬೇಕು ಎಂಬ ಧರ್ಮಸಂಕಟಕ್ಕೆ ನಮ್ಮ ಪುರಾಣಿಕರಿಗಿಂತ ಈ ಕಾಯ್ದೆ ಬರೆದವರೇ ಒಳ್ಳೆಯ ದಾರಿ ಕಂಡುಕೊಂಡರು ಎನ್ನಬೇಕು.

ಸಾವಿನ ಕಾರಣ ಬರೆಯುವ ಫಾರಂ 4 ತುಂಬುವ ಡಾಕ್ಟರಲ್ಲಿ ನನ್ನದೊಂದು ವಿನಂತಿ: ಹೃದಯ ನಿಂತಿತು ಎಂದಷ್ಟೇ ಬರೆದು ಕೈತೊಳೆದುಕೊಳ್ಳಬೇಡಿ. ಸತ್ತವರೆಲ್ಲರ ಹೃದಯವೂ ನಿಂತಿರುತ್ತದೆ. ಏಕೆ ನಿಂತಿತು ಎಂಬುದನ್ನು ಬರೆಯಿರಿ. ಫಾರಮ್ಮು ಕೇಳುವುದೂ ಅದನ್ನೇ.